ಕಾಲಿಯರ್ ಮತ್ತು ಇದ್ದಿಲು ಸಿದ್ದಪ್ಪ

ನೈರೋಬಿಯ ಲೊರೆಶೋ ಬಡಾವಣೆಯಲ್ಲಿ ನಮ್ಮ ಪಕ್ಕದ ಮನೆಯಲ್ಲಿರುವ ಇಂಗ್ಲೆಂಡಿನವ ಕಾಲಿಯರ್, ಮೊನ್ನೆ ನನ್ನನ್ನೂ ಮಗಳನ್ನೂ ಊಟಕ್ಕೆ ಕರೆದು, ಒಲೆಗೆ ಇದ್ದಿಲು ಸುರಿಯುತ್ತ ತನ್ನ ಮನೆತನದ ಹೆಸರಿನ ಅರ್ಥ ಹೇಳಿದ. ಕಾಲಿಯರ್ ಎಂದರೆ ಮೊದಮೊದಲು ಕಲ್ಲಿದ್ದಲು ಗಣಿಯವನಲ್ಲವಂತೆ, ಕಾಡಿನಲ್ಲಿ ಕಟ್ಟಿಗೆ ಸುಟ್ಟು ಇದ್ದಿಲು ಮಾಡುವವನಂತೆ. ಅವನ ಹೆಮ್ಮೆ ಕಂಡು ನನಗೆ ಹೊಟ್ಟೆ ಉರಿಯಿತು.

ಮಗಳು ನನ್ನತ್ತ ತಿರುಗಿ, "ಅಪ್ಪಾ, ವಾಟ್ ಡಿಡ್ ಅವರ್ ಮುತ್ತಾತ ಡೂ?" ಎಂದಳು.

"ಬಿಸಿನೆಸ್ ಮಾಡ್ತಿದ್ರು" ಎಂದೆ.

ಮೈಸೂರಿನ ಇಸ್ತ್ರಿ ಅಂಗಡಿಗಳಿಗೆ ಇದ್ದಿಲು ಹಾಕುತ್ತಿದ್ದ ನನ್ನ ತಾತನನ್ನು ಬೀದಿಯವರೆಲ್ಲ ಇದ್ದಿಲು ಸಿದ್ದಪ್ಪ ಎನ್ನುತ್ತಿದ್ದರು. ನನ್ನನ್ನು ಶಾಲೆಗೆ ಸೇರಿಸುವಾಗ ಅಪ್ಪ, ಮನೆತನದ ಹೆಸರಾಗಬಹುದಾಗಿದ್ದ ಆ ಇದ್ದಿಲನ್ನು ಬಿಟ್ಟು ನನ್ನ ಹೆಸರು ಬರೆಸಿದರು.

ಕಾಲಿಯರ್‌ನ ಗೇಟಿನ ಮೇಲೆ ಅವನ ಹಿರಿಯರ ಕಸುಬು ಹಿತ್ತಾಳೆ ಅಕ್ಷರಗಳಲ್ಲಿ ಹೊಳೆಯುತ್ತದೆ. ದಿನವೂ ಅದನ್ನು ನೋಡಿ ಕರುಬುತ್ತೇನೆ. ಮಗಳಿಗೆ ನಿಜ ಹೇಳಲು ಮಾತ್ರ ಇನ್ನೂ ಬಾಯಿ ಬಂದಿಲ್ಲ.