ಹಾಲ್ವೋರ್ ಕೈ ಎತ್ತದ ಮಧ್ಯಾಹ್ನ

ಬ್ರೂಕ್ಲಿನ್ ದಂಡೆಯಲ್ಲಿ ಇಪ್ಪತ್ತೆಂಟು ವರ್ಷ ಸೇತುವೆ ಕಾದ ಹಾಲ್ವೋರ್ ಎಗೆಲಾಂಡ್ ಹೋದ ಮಾರ್ಚಿನಲ್ಲಿ ತೀರಿಕೊಂಡ. ಮಣ್ಣು ಮಾಡುವಾಗ ಪಾದ್ರಿಗಳು ಅವನನ್ನು ಸೌಮ್ಯ ಸ್ವಭಾವದವನೆಂದರು. ಹಿಂದೆ ನಿಂತಿದ್ದ ರೈಲಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಾಲ್ವೋರನ ಹಟ ಕಂಡವರು ಯಾರೂ ಆ ಮಾತನ್ನು ಒಪ್ಪುವಂತಿರಲಿಲ್ಲ.

ಆಚೆ ದಡದ ಜೆರ್ಸಿಯಲ್ಲಿ ರೈಲುಹಳಿ ನೀರಿಗೆ ಬಂದು ನಿಲ್ಲುತ್ತದೆ. ಸರಕಿನ ವ್ಯಾಗನ್ನುಗಳು ಅಲ್ಲಿಂದ ಮೂರು ಸಾಲು ಹಳಿ ಹಾಸಿದ ಬಾರ್ಜೆಂಬ ಚಪ್ಪಟೆ ದೋಣಿಯ ಮೇಲೇರಿ, ಅದನ್ನು ಎಳೆದೊಯ್ಯುವ ಟಗ್ ದೋಣಿಯ ಪಕ್ಕಕ್ಕೆ ಕಟ್ಟಿಸಿಕೊಂಡು ಬಂದರು ದಾಟುತ್ತಿದ್ದವು. ಈಚೆ ದಡದಲ್ಲಿ ಬಾರ್ಜಿನ ಹಳಿಯನ್ನು ನೆಲದ ಹಳಿಗೆ ಕೂಡಿಸಲು, ಉಬ್ಬರವಿಳಿತದ ಜೊತೆ ಏರಿಳಿಯುವ ಸೇತುವೆಯೊಂದಿತ್ತು. ಅದು ಹಾಲ್ವೋರನ ಸೇತುವೆ. ಅವನು ಕೈ ಎತ್ತದೆ ಎಂಜಿನ್ನು ಒಂದು ಗೇಣೂ ಕದಲುವಂತಿರಲಿಲ್ಲ. ಯಾವ ಪುಸ್ತಕದಲ್ಲೂ ಬರೆದಿರದ ಈ ಕಟ್ಟಳೆಯನ್ನು ಯಾರೂ ಮೀರುತ್ತಿರಲಿಲ್ಲ.

ಇಳಿಸುವ ಕ್ರಮವನ್ನೂ ಹೊಸಬರಿಗೆಲ್ಲ ಅವನೇ ಬಾಯಿಪಾಠ ಮಾಡಿಸಿದ್ದ. ಮೊದಲು ಎಡಸಾಲಿನಲ್ಲಿ ಅರ್ಧ, ಆಮೇಲೆ ಬಲಸಾಲು ಪೂರ್ತಿ, ಆಮೇಲೆ ಎಡದಲ್ಲಿ ಉಳಿದದ್ದು, ಕೊನೆಗೆ ನಡುವಿನದು. ಒಂದೇ ಮಗ್ಗುಲಲ್ಲಿ ಭಾರ ಉಳಿಸಿದರೆ ಬಾರ್ಜು ಹೊರಳಿ ಎಲ್ಲ ನೀರುಪಾಲು.

೧೯೫೧ರ ಜನವರಿಯ ಒಂದು ಮಧ್ಯಾಹ್ನ ಗೋಧಿಹಿಟ್ಟಿನ ಬಾರ್ಜೊಂದು ಬಂತು. ನಾಲ್ಕು ಗಂಟೆಗೆ ಹೊರಡುವ ಹಡಗಿಗೆ ಆ ಹಿಟ್ಟು ಸೇರಬೇಕಿತ್ತು. ಕೆಲಸ ತಡ ಮಾಡಿದನೆಂದು ಹಾಲ್ವೋರನ ಮೇಲೆ ಆಗಲೇ ಎರಡು ದೂರುಗಳಿದ್ದವು. ಮೂರನೆಯದು ಬಿದ್ದರೆ ಸೇತುವೆ ಬಿಡಿಸಿ, ಹಾರೆ ಹಿಡಿದು ಹಳಿ ಎತ್ತುವ ಗುಂಪಿಗೆ ಹಾಕುತ್ತೇವೆಂದು ಕಚೇರಿಯವರು ಹೇಳಿಯೇ ಇದ್ದರು. ಆಗ ಅವನಿಗೆ ಐವತ್ತನಾಲ್ಕು ವರ್ಷ.

ಹಾಲ್ವೋರ್ ಸೇತುವೆ ಇಳಿಸಿ, ಹಳಿಗಳು ಕೂಡುವಲ್ಲಿ ಕುಕ್ಕರಗಾಲಿನಲ್ಲಿ ಕೂತು ಬೆರಳಿಟ್ಟು ನೋಡಿದ. ಎದ್ದು ನಿಂತವನೇ ಎರಡೂ ಕೈ ಕೋಟಿನ ಜೇಬಿಗೆ ಇಳಿಸಿದ.

ಯಾರ್ಡಿನ ಮೇಸ್ತ್ರಿ ಕ್ವಿನ್‌ಲನ್ ಓಡಿಬಂದ. "ಏನಯ್ಯಾ, ಚಳಿಗೆ ಕೈ ಸೇದ್ಹೋಯ್ತಾ? ಎತ್ತು!"

"ಬಲಗಡೆ ಮೂರು ಬೆರಳು ಕುಸಿದಿದೆ. ಮೊದ್ಲು ಬಲದಲ್ಲಿ ಅರ್ಧ ಎಳೀಬೇಕು."

"ಮೊದ್ಲು ಎಡ, ಮೊದ್ಲು ಎಡ ಅಂತ ಹದಿನಾರು ವರ್ಷದಿಂದ ನಮ್ ತಲೆ ತಿಂದೋನು ನೀನೇ ಅಲ್ವೇನಯ್ಯಾ?"

"ಅದು ಒಣ ಹೊಟ್ಟೆ ಬಾರ್ಜಿಗೆ ಹೇಳಿದ್ದು. ಇದು ನೀರು ಕುಡಿದಿದೆ."

"ನೀನು ಒಳಗಿಳಿದು ನೋಡ್ಕೊಂಡ್ ಬಂದ್ಯಾ?"

"ಒಳಗಿಳಿಯೋ ಮುಚ್ಚಳ ಹೆಪ್ಪುಗಟ್ಟಿ ಕೂತಿದೆ, ಹೇಗ್ ನೋಡ್ಲಿ? ಎರಡೂ ಕಡೆ ಒಂದೇ ಹಿಟ್ಟು, ಒಂದೇ ತೂಕ. ಮತ್ಯಾಕೆ ಬಲಕ್ಕೆ ವಾಲ್ತಿದೆ? ಎಡದ ಭಾರ ತೆಗೆದ್ರೆ ಒಳಗಿನ ನೀರೂ ಬಲಕ್ಕೇ ಉರುಳುತ್ತೆ."

ಬಲಸಾಲಿನ ಎದುರಿಗೆ ನೆಲದ ಹಳಿಯ ಮೇಲೆ ಹನ್ನೊಂದು ಖಾಲಿ ವ್ಯಾಗನ್ನುಗಳು ನಿಂತಿದ್ದವು. ಅವನ್ನು ಸರಿಸುವುದಕ್ಕೇ ಮುಕ್ಕಾಲು ಗಂಟೆ ಬೇಕು. ಕ್ವಿನ್‌ಲನ್ ಗಡಿಯಾರ ನೋಡಿ ಎಂಜಿನ್ನಿನ ಕಡೆ ತಿರುಗಿದ.

"ನುಂಜಿಯೋ! ನಾನು ಹೇಳ್ತಿದೀನಿ, ಎಡದಿಂದ ಎಳಿ! ಇಗೋ ಕೈ!"

ಚಾಲಕ ನುಂಜಿಯೋ ಕಿಟಕಿಯಿಂದ ತಲೆ ಹೊರಹಾಕಿದ. "ಅದು ಬಿಯರ್ ಲೋಟ ಎತ್ತೋ ಕೈ, ಮೇಸ್ತ್ರಿಗಳೇ. ಆ ಕೈ ನೋಡಿ ಎಂಜಿನ್ ಬಿಟ್ರೆ ನಮ್ಮಮ್ಮ ನಂಗೆ ಅನ್ನ ಹಾಕಲ್ಲ."

"ಹಾಲ್ವೋರ್, ಮೂರನೇ ದೂರು ಬರೀತೀನಿ ನೋಡು! ನಾಳೆಯಿಂದ ಹಾರೆ ಹಿಡೀತೀಯ!"

"ಬರ್ಕೋ. ಆದ್ರೆ ಮೊದ್ಲು ಆ ಹನ್ನೊಂದು ಸರಿಸು."

ವ್ಯಾಗನ್ನುಗಳ ಬ್ರೇಕು ಬಿಚ್ಚಲೆಂದು ಬಾರ್ಜಿನ ಮೇಲೆ ಹತ್ತಿದ್ದ ಮೂವರು ಕೆಲಸಗಾರರು ಈ ಮಾತನ್ನೆಲ್ಲ ಕೇಳಿಸಿಕೊಳ್ಳುತ್ತ ನಿಂತಿದ್ದರು. ಅವರಲ್ಲಿ ಈಗ ಬದುಕಿರುವವನು ಒಬ್ಬನೇ. ಈ ನಾಲ್ಕು ಮಾತು ಬರೆದವನು ಅವನೇ.

ಖಾಲಿ ವ್ಯಾಗನ್ನುಗಳು ಸರಿದವು. ಹಾಲ್ವೋರ್ ಸನ್ನೆ ಕೊಟ್ಟ. ಬಲಸಾಲಿನ ಅರ್ಧ ಹೊರಬರುತ್ತಿದ್ದಂತೆ ಬಾರ್ಜು ಸಮಕ್ಕೆ ಬಂತು. ಉಳಿದದ್ದನ್ನು ಅವನು ಒಂದೆರಡು ವ್ಯಾಗನ್ನಿನಂತೆ ಆ ಕಡೆಯಿಂದಿಷ್ಟು ಈ ಕಡೆಯಿಂದಿಷ್ಟು ಎಳೆಸಿದ. ಹಡಗು ನಾಲ್ಕು ವ್ಯಾಗನ್ನು ಹಿಟ್ಟನ್ನು ದಂಡೆಯಲ್ಲೇ ಬಿಟ್ಟು ಹೊರಟುಹೋಯಿತು. ಆಮೇಲೆ ಮಂಜುಗಡ್ಡೆ ಒಡೆದು ಮುಚ್ಚಳ ತೆಗೆದರೆ ಬಲಗಡೆಯ ಕೋಣೆಯಲ್ಲಿ ಸೊಂಟದ ತನಕ ನೀರು. ಕ್ವಿನ್‌ಲನ್ ಬಹಳ ಹೊತ್ತು ಅದರೊಳಗೆ ಇಣುಕುತ್ತಲೇ ಇದ್ದ.

ಆದರೂ ತಡವಾದದ್ದು ತಡವೇ. ಆ ಗುರುವಾರ ಇಬ್ಬರಿಗೂ ಕಚೇರಿಯಿಂದ ಕರೆ ಬಂತು. ಸಾಹೇಬರು ಮೊದಲು ಕ್ವಿನ್‌ಲನ್‌ನನ್ನು ಕೇಳಿದರು.

"ನಾನಾಗಿದ್ರೆ ಎಡದಿಂದಲೇ ಎಳೀತಿದ್ದೆ ಸಾರ್," ಎಂದ ಅವನು, ಟೋಪಿ ತಿರುವುತ್ತ. "ಮೂರು ಜನ ಬಾರ್ಜಿನ ಮೇಲಿದ್ರು. ದೂರು ಬರೆಯೋದಾದ್ರೆ ನನ್ ಹೆಸರಿಗೆ ಬರೀರಿ."

ಸಾಹೇಬರು ಹಾಲ್ವೋರನ ಕಡೆ ತಿರುಗಿದರು. "ನಾಳೆ ಮತ್ತೆ ಹೀಗೇ ಆದರೆ ಮತ್ತೆ ಹಡಗು ತಪ್ಪಿಸ್ತೀಯೇನು?"

"ತಪ್ಪಿಸ್ತೀನಿ ಸಾರ್. ನಿಮ್ದು ಮುಗಿದಿದ್ರೆ ನಾನು ಹೊರಡ್ಲಾ? ನೀರು ಇಳೀತಿದೆ, ಹನ್ನೆರಡು ಗಂಟೆ ಬಾರ್ಜು ಬರೋ ಹೊತ್ತು."

ಸಾಹೇಬರು ದೂರು ಬರೆಯುವ ಕಾಗದ ಬದಿಗಿಟ್ಟು ಬಾಗಿಲ ಕಡೆ ಕೈ ತೋರಿಸಿದರು. ಹಾಲ್ವೋರ್ ಇನ್ನೂ ಹನ್ನೆರಡು ವರ್ಷ ಅದೇ ಸೇತುವೆ ಕಾದ. ಅವನು ಇದ್ದಷ್ಟು ಕಾಲ ಅಲ್ಲಿ ಒಂದು ವ್ಯಾಗನ್ನೂ ನೀರಿಗೆ ಬೀಳಲಿಲ್ಲ.