ಅಚೋಲ್‌ಗೆ ಸಿಗದ ಮನೆ

ಓದು ಮುಗಿಸಿ ಮೆಲ್ಬರ್ನ್ ಹೊರವಲಯದ ಡ್ಯಾಂಡಿನಾಂಗ್‌ನಲ್ಲಿ ಸ್ವಂತಕ್ಕೊಂದು ಬಾಡಿಗೆ ಮನೆ ಹಿಡಿದ ನನ್ನ ಸಂಭ್ರಮ ಮೂರು ದಿನವೂ ಉಳಿಯಲಿಲ್ಲ. ಪ್ಯಾಕಿಂಗ್ ಫ್ಯಾಕ್ಟರಿಯಲ್ಲಿ ನನ್ನ ಪಕ್ಕ ನಿಲ್ಲುತ್ತಿದ್ದ ಸುಡಾನಿನ ಅಚೋಲ್ ವಿಳಾಸ ಕೇಳಿದವಳೇ ಕೈಯಲ್ಲಿದ್ದ ಡಬ್ಬ ಕೆಳಗಿಟ್ಟಳು. ಅದೇ ಮನೆಗೆ ಅವಳು ನನಗಿಂತ ಮೊದಲೇ ಅರ್ಜಿ ಹಾಕಿದ್ದಳು. ಕೆಲಸದಲ್ಲೂ ನನಗಿಂತ ಹಳಬಳು. ಮನೆ ಹೋಯಿತು ಎಂದು ಏಜೆಂಟ್ ಅವಳನ್ನು ಕಳಿಸಿದ ಮರುದಿನವೇ ನನಗೆ ಬಾಗಿಲು ತೆರೆದು ತೋರಿಸಿ, ಇನ್ನೂ ಯಾರೂ ಕೇಳಿಲ್ಲ ಅಂದಿದ್ದ.

ಅವಳು ಸಿಟ್ಟಾಗಲಿಲ್ಲ. ಭಾನುವಾರ ನಮ್ಮ ಚರ್ಚಿಗೆ ಬಾ ಎಂದಳಷ್ಟೆ.

ದಾವಣಗೆರೆಯಲ್ಲಿ ನಾನು ಕಂಡ ಚರ್ಚೆಂದರೆ ಗಂಟೆ, ಮೇಣದ ಬತ್ತಿ, ಮೌನ. ಇದೋ ಹಳೆಯ ಗೋದಾಮು. ತಗಡಿನ ಸೂರಿನ ಕೆಳಗೆ ನೂರಾರು ಆಫ್ರಿಕನ್ನರು, ಡೋಲು, ಹಾಡು. ಪ್ರಾರ್ಥನೆ ಮುಗಿದರೂ ಯಾರೂ ಹೊರಡಲಿಲ್ಲ. ಒಂದು ಮೂಲೆಯಲ್ಲಿ ಕೆಲಸದ ಅರ್ಜಿ ಬರೆಸುವವರು, ಇನ್ನೊಂದರಲ್ಲಿ ಶಾಲೆಯ ಪತ್ರ ಓದಿಸಿಕೊಳ್ಳುವವರು. ಸಭೆ ನಡೆಸುವ ಪಾಸ್ಟರ್ ದಪ್ಪ ಕನ್ನಡಕದ ಹೆಂಗಸು. ಬಣ್ಣ ನೋಡಿ ಮನೆ ಇಲ್ಲವೆನಿಸಿಕೊಂಡವರು ಏಳಿ ಎಂದರು. ಅರ್ಧ ಸಭೆ ಎದ್ದು ನಿಂತಿತು. ನಾನು ಕೂತೇ ಇದ್ದೆ.

ಅಚೋಲ್‌ಳಿಂದ ಎಲ್ಲ ಕೇಳಿ ತಿಳಿದಿದ್ದ ಪಾಸ್ಟರ್ ಆಮೇಲೆ ನನ್ನ ಪಕ್ಕ ಬಂದು ಕೂತರು. ಮಂಗಳವಾರ ಎಲ್ಲರೂ ಏಜೆಂಟ್ ಹತ್ತಿರ ಹೋಗುತ್ತೇವೆ, ನಡೆದದ್ದನ್ನು ಬರೆದುಕೊಡುತ್ತೀಯಾ ಎಂದು ಕೇಳಿದರು. "ಬರೆಯದಿದ್ದರೂ ಇಲ್ಲಿ ನಿನಗೆ ಊಟ ಇದ್ದೇ ಇದೆ" ಎಂದೂ ಸೇರಿಸಿದರು.

ಸಿಡ್ನಿಯ ಗಿರಾವೀನ್‌ನಲ್ಲಿದ್ದ ಅಕ್ಕ ಫೋನಿನಲ್ಲೇ ಗದರಿದಳು. "ಇಲ್ಲಿ ಖಾಯಂ ಇರೋಕೆ ಪಿಆರ್ ಬರೋವರೆಗೂ ಬಾಯಿ ಮುಚ್ಕೊಂಡಿರು. ಅವರ ಜಗಳ ನಿಂಗ್ಯಾಕೆ?"

ಎರಡು ದಿನ ಅದೇ ಯೋಚನೆ. ಹೊಸ ಮನೆಯ ಕಿಟಕಿಗೆ ಪರದೆ ಕಟ್ಟಲೂ ಮನಸ್ಸಾಗಲಿಲ್ಲ. ಮಂಗಳವಾರ ಬೆಳಿಗ್ಗೆ ಬರೆದು ಸಹಿ ಹಾಕಿ, ಅವರ ಜೊತೆ ನಾನೂ ಹೋಗಿ ಏಜೆಂಟ್ ಎದುರೇ ಹೇಳಿದೆ. ಅವನು ತಡವರಿಸಿದ. ತಿಂಗಳೊಳಗೆ ಅಚೋಲ್‌ಗೆ ನಮ್ಮ ಮನೆಯ ಹಿಂದಿನ ರಸ್ತೆಯಲ್ಲೇ ಮನೆ ಸಿಕ್ಕಿತು. ವರ್ಷ ತುಂಬಿದಾಗ ನನ್ನ ಕರಾರನ್ನು ಮಾತ್ರ ಅವನು ಮುಂದುವರಿಸಲಿಲ್ಲ. ಇನ್ನೂ ದೂರದ ಕ್ರಾನ್‌ಬರ್ನ್‌ನಲ್ಲಿ ಹಿಡಿದ ಬೇರೆ ಮನೆಗೆ ನನ್ನ ಸಾಮಾನು ಹೊತ್ತು ತಂದವರು ಆ ಚರ್ಚಿನವರೇ.

ಆ ಸಂಜೆ ಹೊಸ ವಿಳಾಸ ಹೇಳಲು ಕಾಲಿಂಗ್ ಕಾರ್ಡ್ ಹಾಕಿ ಊರಿಗೆ ಫೋನ್ ಮಾಡಿದೆ. ನಮ್ಮ ಮಹಡಿ ಮನೆ ಖಾಲಿ ಬಿದ್ದಿದೆ ಎಂದರು ಅಪ್ಪ. ಯಾರೋ ಮೇಷ್ಟ್ರು ಹೆಂಡತಿ ಸಮೇತ ನೋಡಲು ಬಂದಿದ್ದರಂತೆ, ಒಳ್ಳೆಯವರೇ ಅಂತೆ. "ಯಾವ ಜನ ಅಂತ ಕೇಳ್ದೆ. ಆಮೇಲೆ, ಬೇರೆಯವರಿಗೆ ಕೊಟ್ಟಾಯ್ತು ಅಂದ್ಬಿಟ್ಟೆ."

ಏಜೆಂಟ್ ಎದುರು ಇಂಗ್ಲಿಷಿನಲ್ಲಿ ಅಷ್ಟು ಮಾತಾಡಿದವಳು, ಅಪ್ಪನಿಗೆ ಕನ್ನಡದಲ್ಲಿ ಹೊಸ ವಿಳಾಸವನ್ನಷ್ಟೇ ಬರೆಸಿ ಫೋನ್ ಇಟ್ಟೆ. ಪೆಟ್ಟಿಗೆಗಳ ನಡುವೆ ದಣಿದು ಕೂತಿದ್ದ ಅಚೋಲ್, ಮನೆಯವರು ಏನಂದರು ಎಂದು ಕೇಳಿದಳು.

ಎಲ್ಲರೂ ಚೆನ್ನಾಗಿದ್ದಾರಂತೆ ಎಂದೆ.