ರಾಗಿ ಗಂಜಿಯ ಜತೆ ನುಂಗಿದ ಮಾತ್ರೆ

ಐವತ್ತೆರಡನೇ ವಯಸ್ಸಿನಲ್ಲಿ ಬ್ಯಾಡ್ಮಿಂಟನ್ ಆಡಿ ಮಂಡಿಯ ಲಿಗಮೆಂಟ್ ಹರಿದುಕೊಂಡವಳು ನಾನು. ದೇಶದ ರಾಜಧಾನಿಯ ಆರ್.ಕೆ.ಪುರಂನ ನಮ್ಮ ಕ್ವಾರ್ಟರ್ಸಿನಲ್ಲಿ ಅಯ್ಯೋ ಪಾಪ ಎಂದವರಿಗಿಂತ ಈ ವಯಸ್ಸಿನಲ್ಲಿ ಇದೆಲ್ಲ ಬೇಕಿತ್ತಾ ಎಂದವರೇ ಹೆಚ್ಚು. ಹೌದು, ಬೇಕಿತ್ತು. ದಿನವಿಡೀ ಫೈಲು ತಿರುವಿಹಾಕುವ ನನಗೆ ಸಂಜೆಯ ಆ ಒಂದು ಗಂಟೆಯೇ ಜೀವ. ಮತ್ತೆ ಕೋರ್ಟಿಗೆ ಇಳಿಯಲೇಬೇಕೆಂದು ಹಟ ಹಿಡಿದು ಆಪರೇಷನ್ ಮಾಡಿಸಿಕೊಂಡೆ.

ಹೊಸ ಲಿಗಮೆಂಟ್ ಕೂರಿಸಲು ರಂಧ್ರ ಕೊರೆಯುವಾಗ ಮೂಳೆ ಮೆದುವಾಗಿ ಕಂಡಿತಂತೆ. ಅದು ಗಟ್ಟಿಯಾಗಿ ಹಿಡಿದುಕೊಳ್ಳದಿದ್ದರೆ ಆಟ ಮರೆತುಬಿಡಿ ಎಂದ ಡಾಕ್ಟರು, ಪರೀಕ್ಷೆ ಮಾಡಿಸಿ, ಮೂಳೆ ಬಲವಾಗಲು ವಾರಕ್ಕೊಂದು ಮಾತ್ರೆ ಬರೆದುಕೊಟ್ಟರು. ಇದಕ್ಕೂ ಮದ್ದಿದೆ ಎಂಬ ಹುರುಪಿನಲ್ಲಿ ‘ಖಾಲಿ ಪೇಟ್’ ಎಂದದ್ದಷ್ಟೇ ನನ್ನ ಕಿವಿಗೆ ಬಿತ್ತು.

ಹಾಸನದ ಕಡೆಯವಳಿಗೆ ಮೂಳೆಯ ವಿಷಯದಲ್ಲಿ ಯಾರೂ ಪಾಠ ಹೇಳಬೇಕಿಲ್ಲ. ಪ್ರತಿ ಭಾನುವಾರ ಬೆಳಗ್ಗೆ ಖಾಲಿ ಹೊಟ್ಟೆಯಲ್ಲೇ, ಹಾಲು ಬೆರೆಸಿದ ರಾಗಿ ಗಂಜಿಯ ಜತೆ ಮಾತ್ರೆ ನುಂಗಿದೆ. ಎರಡೂ ಸೇರಿದರೆ ದುಪ್ಪಟ್ಟು ಬಲ ಎಂದು ನಂಬಿದ್ದೆ. ಒಂಬತ್ತನೇ ಭಾನುವಾರ ಮಗಳು ಡಬ್ಬಿಯೊಳಗಿನ ಚೀಟಿ ಬಿಡಿಸಿ ಓದಿದಳು.

“ಅಮ್ಮ, ಸಿರ್ಫ್ ಸಾದಾ ನೀರು ಅಂತ ಬರೆದಿದೆ. ಹಾಲು, ರಾಗಿ ಜೊತೆ ತಗೊಂಡ್ರೆ ದವಾಯಿ ಮೈಗೆ ಹತ್ತೋದೇ ಇಲ್ಲ.”

“ರಾಗಿ ಯಾರಿಗೆ ಏನೇ ಅನ್ಯಾಯ ಮಾಡಿದೆ?”

“ಅಚ್ಛಾ, ರಾಗಿ ಮಧ್ಯಾಹ್ನ ಕುಡಿ. ಮಾತ್ರೆಗೆ ನೀರು. ಆಮೇಲೆ ಅರ್ಧ ಗಂಟೆ ಮಲಗೋ ಹಾಗೂ ಇಲ್ಲ.”

ಒಂಬತ್ತು ವಾರ ನೀರಿಗೆ ಹಾಕಿದಂತಾಯಿತಲ್ಲ ಎಂದು ನನ್ನ ಮೇಲೇ ಸಿಟ್ಟು ಬಂತು. ಮೂಳೆ ಹಿಡಿಯದಿದ್ದರೆ ಎಂಬ ಭಯಕ್ಕೆ ಬಚ್ಚಲಲ್ಲಿ ಅತ್ತೂಬಿಟ್ಟೆ. ಮುಂದಿನ ಭಾನುವಾರದಿಂದ ನೀರಿನಲ್ಲಿ ಮಾತ್ರೆ ನುಂಗಿ, ಬಾಲ್ಕನಿಯಲ್ಲಿ ನಿಂತು ಕೆಳಗೆ ತರಕಾರಿ ಭಯ್ಯಾ ಕೂಗುವುದನ್ನು ಕೇಳುತ್ತ ಅರ್ಧ ಗಂಟೆ ಕಳೆಯತೊಡಗಿದೆ. ಫಿಸಿಯೋ ಹೇಳಿದ ವ್ಯಾಯಾಮ ಒಂದು ದಿನವೂ ತಪ್ಪಿಸಲಿಲ್ಲ.

ಆಪರೇಷನ್ ಆಗಿ ಒಂಬತ್ತು ತಿಂಗಳಿಗೆ ಡಾಕ್ಟರು ಎಕ್ಸ್‌ರೇ ಹಿಡಿದು ನೋಡಿದರು. ನಾನು ರಾಗಿಯ ಕಥೆ ಒಪ್ಪಿಸಿದೆ. ಅವರು ನಕ್ಕು, ಮಾತ್ರೆ ಇನ್ನೂ ಬಿಡುವ ಹಾಗಿಲ್ಲ, ಆದರೆ ಮೂಳೆ ಚೆನ್ನಾಗಿ ಹಿಡಿದುಕೊಂಡಿದೆ ಎಂದರು. “ಚಲೋ, ಆ ಕಾಲೊಂದರಲ್ಲೇ ಹಾರಿ ತೋರಿಸಿ.”

ಚಪ್ಪಲಿ ಬಿಚ್ಚಿಟ್ಟೆ. ಹಾರಿದೆ. ಮಂಡಿ ಕುಸಿಯಲಿಲ್ಲ. ಖುಷಿ ತಡೆಯಲಾಗದೆ ಅವರು ಸಾಕೆಂದರೂ ಇನ್ನೆರಡು ಸಲ ಹಾರಿದೆ. ಜತೆಗೆ ಬಂದಿದ್ದ ಮಗಳು ತನ್ನ ಫೋನಿನಲ್ಲಿ ತೆಗೆದ ವಿಡಿಯೋದಲ್ಲಿ ನಾನು ಸರಿಯಾಗಿ ಕಾಣುವುದೇ ಇಲ್ಲ, ಚಿತ್ರ ಪೂರ್ತಿ ಅಲುಗಾಡಿಹೋಗಿದೆ. ಅವಳೂ ನನ್ನ ಜತೆ ಹಾರುತ್ತಿದ್ದಳು.